ಬಳ್ಳಾರಿಯ ಅರ್ಧದಷ್ಟೇ ಮಳೆ, ಆದರೂ ದಟ್ಟ ಕಾಡು: ಟೈಗಾಕ್ಕೆ ನೀರು ಎಲ್ಲಿಂದ?

ಓದುಗರ ಪ್ರಶ್ನೆ: ಸೈಬೀರಿಯಾದ ಯಾಕುತ್ಸ್ಕ್ ಊರಿನಲ್ಲಿ ಮಳೆ, ಹಿಮ ಎಲ್ಲ ಸೇರಿಸಿದರೂ ವರ್ಷಕ್ಕೆ 240 ಮಿ.ಮೀ. ಆಸುಪಾಸು ಬೀಳುತ್ತದಂತೆ. ನಮ್ಮ ಬಳ್ಳಾರಿ, ಚಳ್ಳಕೆರೆ ಕಡೆ ಹೆಚ್ಚುಕಡಿಮೆ ಅದರ ಎರಡು ಪಟ್ಟು ಬಿದ್ದರೂ ಜಾಲಿ, ಕುರುಚಲು ಗಿಡವೇ ಹೆಚ್ಚು. ಅಲ್ಲಿ ಮಾತ್ರ ಸಾವಿರಾರು ಕಿಲೋಮೀಟರ್ ಉದ್ದಕ್ಕೂ ಕಾಡು, ಕೆರೆ, ಜೌಗು. ಇದು ಹೇಗೆ ಸಾಧ್ಯ?

ಉತ್ತರ: ಕಾಡಿಗೆ ಎಷ್ಟು ಮಳೆ ಬಿತ್ತು ಎನ್ನುವುದಕ್ಕಿಂತ, ಬಿದ್ದ ನೀರಿನಲ್ಲಿ ಬೇರಿಗೆ ಎಷ್ಟು ದಕ್ಕಿತು ಎನ್ನುವುದು ದೊಡ್ಡದು. ಟೈಗಾದಲ್ಲಿ, ಅಂದರೆ ಉತ್ತರದ ಚಳಿನಾಡುಗಳಲ್ಲಿ ಹಬ್ಬಿದ ಸೂಚಿಪರ್ಣಿ (ಸೂಜಿಯಂಥ ಎಲೆಯ) ಮರಗಳ ಕಾಡಿನಲ್ಲಿ, ನೀರು ಹೊರಟುಹೋಗುವ ಎರಡು ದಾರಿಗಳೂ ಇಕ್ಕಟ್ಟು. ಆವಿಯಾಗಿ ಮೇಲೆ ಹೋಗಲು ವರ್ಷದ ಬಹುಕಾಲ ಬಿಸಿಲಿನ ಬಲ ಸಾಲದು. ಇಂಗಿ ಕೆಳಗೆ ಹೋಗಲು ಬಹಳ ಕಡೆ ಹೆಪ್ಪುಗಟ್ಟಿದ ನೆಲ ಬಿಡುವುದಿಲ್ಲ. ಆ ನೆಲವನ್ನು ಹೆಪ್ಪುಗಟ್ಟಿದ ಹಾಗೇ ಕಾಪಾಡಿಕೊಂಡಿರುವುದರಲ್ಲಿ ಕಾಡಿನ ಪಾಲೂ ಇದೆ. ನೆಲದ ತಂಪು ಕಾಡನ್ನು ಉಳಿಸುತ್ತದೆ, ಕಾಡಿನ ನೆರಳು ನೆಲದ ತಂಪನ್ನು ಉಳಿಸುತ್ತದೆ. ಈ ಕೊಡುಕೊಳ್ಳುವಿಕೆ ಅರ್ಥವಾದರೆ ಟೈಗಾದ ಮುಕ್ಕಾಲು ವಿಷಯ ಅರ್ಥವಾದಂತೆ.

ಬಳ್ಳಾರಿಯ ಬಗ್ಗೆ ಒಂದು ಮಾತು ಸೇರಿಸಬೇಕು. ಅಲ್ಲಿ ಕಾಡು ಕಡಿಮೆ ಇರುವುದಕ್ಕೆ ಮಳೆಯೊಂದೇ ಕಾರಣವಲ್ಲ. ಕಡಿತ, ಮೇವು, ಉಳುಮೆ, ಗಣಿ ಎಲ್ಲದರ ಪಾಲೂ ಇದೆ. ಸಂಡೂರಿನ ಬೆಟ್ಟಗಳಲ್ಲಿ ಇವತ್ತಿಗೂ ಎಲೆ ಉದುರುವ ಮರಗಳ ಕಾಡಿದೆ. ಆದರೂ ಹೋಲಿಕೆ ಸರಿಯಾಗಿದೆ, ಲೆಕ್ಕ ಅಲ್ಲಿಂದಲೇ ಶುರುಮಾಡೋಣ.

ಜಮಾ ಮತ್ತು ಖರ್ಚು

ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು, ಒಂದು ಹೆಕ್ಟೇರಿಗೆ 10,000 ಲೀಟರ್. ಯಾಕುತ್ಸ್ಕ್‌ನ 240 ಮಿ.ಮೀ. ಅಂದರೆ ಹೆಕ್ಟೇರಿಗೆ 24 ಲಕ್ಷ ಲೀಟರ್. ಬಳ್ಳಾರಿಯ ಸುಮಾರು 500 ಮಿ.ಮೀ. ಅಂದರೆ 50 ಲಕ್ಷ ಲೀಟರ್. ಜಮೆಯಲ್ಲಿ ಬಳ್ಳಾರಿಯೇ ಮುಂದು.

ಖರ್ಚಿನ ಕಡೆ ನೋಡಿದರೆ ಚಿತ್ರ ತಿರುಗುತ್ತದೆ. ನೆಲದಲ್ಲಿ ಬೇಕಾದಷ್ಟು ನೀರಿದ್ದರೆ ಬಿಸಿಲು, ಗಾಳಿ ಸೇರಿ ಎಷ್ಟನ್ನು ಆವಿ ಮಾಡಬಲ್ಲವು ಎಂಬ ಅಳತೆ ಒಂದಿದೆ. ಬಳ್ಳಾರಿಯಲ್ಲಿ ಅದು ವರ್ಷಕ್ಕೆ 1,500 ಮಿ.ಮೀ. ದಾಟುತ್ತದೆ. ಬಿದ್ದ ಮಳೆಯ ಮೂರು ಪಟ್ಟು ಕುಡಿಯುವ ತಾಕತ್ತು ಅಲ್ಲಿನ ಆಕಾಶಕ್ಕಿದೆ. ಟೈಗಾದ ಹೆಚ್ಚಿನ ಭಾಗದಲ್ಲಿ ಇದೇ ಅಳತೆ 300ರಿಂದ 500 ಮಿ.ಮೀ. ಒಳಗೇ ನಿಲ್ಲುತ್ತದೆ. ಅಲ್ಲಿನ ಮಳೆಯೂ ಬಹುಮಟ್ಟಿಗೆ ಅಷ್ಟೇ ಇರುವುದರಿಂದ ಜಮಾ-ಖರ್ಚು ಸರಿಹೋಗುತ್ತದೆ, ಕೆಲವು ಕಡೆ ನೀರು ಮಿಗುತ್ತದೆ. ಮಿಕ್ಕ ನೀರೇ ಜೌಗು, ಕೆರೆ, ಹೊಳೆ.

ಖರ್ಚು ಇಷ್ಟು ಕಡಿಮೆ ಏಕೆ? ಮೊದಲನೆಯದು ಸೂರ್ಯನ ಎತ್ತರ. ಯಾಕುತ್ಸ್ಕ್ ಇರುವುದು 62 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ 21ರ ನಡುಹಗಲಲ್ಲೂ ಅಲ್ಲಿ ಸೂರ್ಯ ದಿಗಂತದಿಂದ ಸುಮಾರು 51 ಡಿಗ್ರಿಗಿಂತ ಮೇಲೇರುವುದಿಲ್ಲ. ಡಿಸೆಂಬರ್ 21ಕ್ಕೆ ಬರೀ ನಾಲ್ಕೂವರೆ ಡಿಗ್ರಿ. ಹಗಲೇ ಸುಮಾರು ಐದು ತಾಸು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,450 ಕಿಲೋಜೂಲ್ ಶಾಖ ಬೇಕು. ಚಳಿಗಾಲದ ಓರೆ ಬಿಸಿಲಿನಿಂದ ಅದು ಹುಟ್ಟುವುದೇ ಇಲ್ಲ.

ಎರಡನೆಯದು ತಣ್ಣನೆ ಗಾಳಿಯ ಸಣ್ಣ ಹೊಟ್ಟೆ. 30 ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿಯುತ್ತದೆ. ಮೈನಸ್ 30ರಲ್ಲಿ ಅರ್ಧ ಗ್ರಾಂ ಕೂಡ ಹಿಡಿಯದು. ಸೈಬೀರಿಯಾದ ಚಳಿಗಾಲದಲ್ಲಿ ಹಿಮ ಕಡಿಮೆ ಬೀಳುವುದಕ್ಕೂ, ಬಿದ್ದ ಹಿಮ ಹಾಗೇ ಉಳಿಯುವುದಕ್ಕೂ ಇದೇ ಕಾರಣ. ಟೈಗಾ ಎಂದರೆ ಆಳೆತ್ತರ ಹಿಮ ಎಂದು ಬಹಳ ಜನ ಎಣಿಸಿರುತ್ತಾರೆ. ಅಟ್ಲಾಂಟಿಕ್ ಗಾಳಿ ತಗಲುವ ಕ್ವಿಬೆಕ್‌ನಂಥ ಕಡೆ ಹಿಮ ದಪ್ಪವಾಗಿ ಬೀಳುವುದು ಹೌದು. ಯಾಕುತ್ಸ್ಕ್ ಇರುವ ಯಾಕುತಿಯಾ ಪ್ರಾಂತ್ಯದ ನಡುಭಾಗದಲ್ಲಿ ಮಾತ್ರ ಮೊಣಕಾಲು ಮಟ್ಟದ ಹಿಮವೇ ಹೆಚ್ಚು. ಅಲ್ಲಿ ಚಳಿಗಾಲವಿಡೀ ಭಾರೀ ಒತ್ತಡದ ಒಣ, ತಣ್ಣನೆ ಗಾಳಿ ನೆಲದ ಮೇಲೆ ಕೂತಿರುತ್ತದೆ. ಮೋಡ ಕಟ್ಟಲು ಬಿಡುವುದಿಲ್ಲ. ವರ್ಷದ ಮಳೆಯ ಬಹುಪಾಲು ಬೇಸಿಗೆಯಲ್ಲೇ ಬರುತ್ತದೆ, ಮರಕ್ಕೆ ಬೇಕಾದ ಹೊತ್ತಿಗೆ ಸರಿಯಾಗಿ.

ಮೂರನೆಯದು ಮರಗಳೇ ತೋರಿಸುವ ಬಿಗಿಹಿಡಿತ. 1994ರಿಂದ 1996ರವರೆಗೆ ಅಮೆರಿಕದ ನಾಸಾ ಮತ್ತು ಕೆನಡಾದ ವಿಜ್ಞಾನಿಗಳು ಸಸ್ಕಾಚೆವಾನ್, ಮ್ಯಾನಿಟೋಬಾ ಪ್ರಾಂತ್ಯಗಳ ಕಾಡುಗಳಲ್ಲಿ ಗೋಪುರ ನಿಲ್ಲಿಸಿ ನೀರಾವಿಯ ಓಡಾಟ ಅಳೆದರು. ಬೋರಿಯಾಸ್ ಎಂಬ ಹೆಸರಿನ ಯೋಜನೆ ಅದು. ಬೆಳೆಯುವ ಕಾಲದಲ್ಲೂ ಸೂಚಿಪರ್ಣಿ ಕಾಡು ದಿನಕ್ಕೆ 2 ಮಿ.ಮೀ.ಗಿಂತ ಕಡಿಮೆ ನೀರನ್ನೇ ಬಿಟ್ಟುಕೊಡುತ್ತಿತ್ತು. ನಮ್ಮ ಬೇಸಿಗೆ ಭತ್ತದ ಗದ್ದೆ ದಿನಕ್ಕೆ ಐದಾರು ಮಿ.ಮೀ. ಕಳೆದುಕೊಳ್ಳುತ್ತದೆ. ಬುಡದಲ್ಲಿ ಒದ್ದೆ ಹಾವಸೆ ಇದ್ದಾಗಲೂ ಗಾಳಿ ಒಣಗಿದ ಕೂಡಲೇ ಮರಗಳು ಎಲೆರಂಧ್ರ ಮುಚ್ಚಿಕೊಳ್ಳುತ್ತಿದ್ದವು. ಬುಡದ ಮಣ್ಣು ಹಿಮದಷ್ಟೇ ತಣ್ಣಗಿರುವಾಗ ಬೇರು ನೀರೆತ್ತುವುದು ನಿಧಾನ. ಎಲೆ ಅದಕ್ಕಿಂತ ಬೇಗ ನೀರು ಬಿಟ್ಟರೆ ಮರ ಒಣಗಿಹೋಗುತ್ತದೆ. ಬೆಳೆಯುವ ಕಾಲ 100 ದಿನವೆಂದರೆ, ದಿನಕ್ಕೆ 2 ಮಿ.ಮೀ.ಯಂತೆ ಇಡೀ ವರ್ಷದ ಖರ್ಚು 200 ಮಿ.ಮೀ. ಸುತ್ತ ಮುಗಿಯಿತು.

ನೀರು ಬರುತ್ತದೆಂದು ತೋಡಿದ ಬಾವಿ

ಇಲ್ಲಿಗೆ ಉತ್ತರ ಮುಗಿಯಿತು ಎನ್ನಲು ಯಾಕುತ್ಸ್ಕ್ ಬಿಡುವುದಿಲ್ಲ. ಅಲ್ಲಿ ಜನವರಿಯ ಸರಾಸರಿ ಉಷ್ಣತೆ ಮೈನಸ್ 38ರ ಹತ್ತಿರವಾದರೂ ಜುಲೈನದು ಪ್ಲಸ್ 19ರ ಮೇಲೆ. ಬೇಸಿಗೆಯ ಕೆಲವು ದಿನ 35 ದಾಟುತ್ತದೆ. ಅದೇ ಪ್ರಾಂತ್ಯದ ವೆರ್ಖೊಯಾನ್ಸ್ಕ್‌ನಲ್ಲಿ 1892ರಲ್ಲಿ ಮೈನಸ್ 67.8 ಡಿಗ್ರಿ ದಾಖಲಾಗಿದೆ. 2020ರ ಜೂನ್ 20ರಂದು ಪ್ಲಸ್ 38 ಡಿಗ್ರಿ. ಒಂದೇ ಊರಿನಲ್ಲಿ ನೂರು ಡಿಗ್ರಿಗೂ ಮಿಕ್ಕ ಅಂತರ. ಇಂಥ ಬೇಸಿಗೆಯಲ್ಲಿ 20 ತಾಸಿನ ಹಗಲೂ ಸೇರಿದರೆ, ಮಳೆಗಿಂತ ಹೆಚ್ಚು ನೀರನ್ನು ಆಕಾಶ ಕೇಳುತ್ತದೆ. ಆವಿಯಾಗುವುದು ಕಡಿಮೆ ಎಂಬ, ಟೈಗಾದ ಉಳಿದ ಕಡೆ ಸಾಕಾದ ಕಾರಣ ಇಲ್ಲಿ ಸಾಲುವುದಿಲ್ಲ. ಅಂದಮೇಲೆ ಇಲ್ಲಿ ಹುಲ್ಲುಗಾವಲು ಇರಬೇಕಿತ್ತು. ಕಾಡಿರುವುದು ನೆಲದಡಿಯ ಮಂಜುಗಡ್ಡೆಯಿಂದ.

1828ರಲ್ಲಿ ರಷ್ಯನ್-ಅಮೆರಿಕನ್ ಕಂಪನಿಯ ನೌಕರ ಫ್ಯೋದೊರ್ ಶೆರ್ಗಿನ್ ಯಾಕುತ್ಸ್ಕ್‌ನಲ್ಲಿ ಕುಡಿಯುವ ನೀರಿಗೆಂದು ಬಾವಿ ತೋಡಿಸಲು ಶುರುಮಾಡಿದ. 1837ರ ಹೊತ್ತಿಗೆ ಬಾವಿ 116 ಮೀಟರ್ ಆಳಕ್ಕೆ ಇಳಿದಿತ್ತು, ನೀರು ಸಿಕ್ಕಿರಲಿಲ್ಲ. ತಳದಲ್ಲೂ ಕಲ್ಲಿನಂಥ ಹೆಪ್ಪುಮಣ್ಣೇ. 1840ರ ದಶಕದಲ್ಲಿ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಮಿಡೆನ್‌ಡಾರ್ಫ್ ಆ ಬಾವಿಯೊಳಗೆ ಬೇರೆ ಬೇರೆ ಆಳದಲ್ಲಿ ಉಷ್ಣತೆ ಅಳೆದ. ಆಳಕ್ಕೆ ಹೋದಂತೆ ನೆಲ ನಿಧಾನವಾಗಿ ಬೆಚ್ಚಗಾಗುತ್ತಿತ್ತು, ಆದರೆ ಸೊನ್ನೆ ಮುಟ್ಟಿರಲಿಲ್ಲ. ಹೆಪ್ಪುನೆಲ ಅಲ್ಲಿ 200 ಮೀಟರಿಗೂ ಹೆಚ್ಚು ದಪ್ಪವಿದೆ ಎಂಬುದು ಮುಂದೆ ಖಚಿತವಾಯಿತು. ಬಾವಿಯಾಗಿ ಸೋತದ್ದು ಭೂವಿಜ್ಞಾನಕ್ಕೆ ಅಮೂಲ್ಯವಾಯಿತು. ಎರಡು ವರ್ಷ ಬಿಡದೆ ಸೊನ್ನೆ ಡಿಗ್ರಿಯಲ್ಲಿ ಅಥವಾ ಅದರ ಕೆಳಗೆ ಇರುವ ನೆಲವನ್ನು ಈಗ ಪರ್ಮಾಫ್ರಾಸ್ಟ್ ಎನ್ನುತ್ತಾರೆ.

ಬೇಸಿಗೆಯಲ್ಲಿ ಇದರ ಮೇಲುಪದರ ಮಾತ್ರ ಕರಗುತ್ತದೆ, ಯಾಕುತ್ಸ್ಕ್ ಸುತ್ತ ಒಂದರಿಂದ ಎರಡು ಮೀಟರ್. ಮರಳುನೆಲದಲ್ಲಿ ಹೆಚ್ಚು, ಹಾವಸೆ ಹೊದ್ದ ಜೇಡಿಯಲ್ಲಿ ಕಡಿಮೆ. ಬೇರು, ನೀರು, ಗೊಬ್ಬರ ಎಲ್ಲವೂ ಈ ತೆಳು ಪದರದೊಳಗೇ. ಅದರ ಕೆಳಗೆ ನೀರು ಇಳಿಯದು. ಬಳ್ಳಾರಿಯಲ್ಲಿ ಬಿರುಕಿನಲ್ಲಿಳಿದು ಕೈಗೆಟುಕದಂತೆ ಹೋಗುವ ನೀರಿನ ಭಾಗ ಇಲ್ಲಿ ಬೇರಿನ ಬಳಿಯೇ ನಿಂತಿರುತ್ತದೆ.

ಇದರ ಕೆಲಸ ತಡೆಯುವುದಷ್ಟೇ ಅಲ್ಲ, ಕೂಡಿಡುವುದು ಕೂಡ. ಆಗಸ್ಟ್-ಸೆಪ್ಟೆಂಬರ್ ಮಳೆ ಮಣ್ಣಿಗೆ ಇಳಿಯುತ್ತದೆ. ಅಕ್ಟೋಬರಿನಲ್ಲಿ ಅದು ಮಣ್ಣಿನೊಳಗೇ ಹೆಪ್ಪುಗಟ್ಟುತ್ತದೆ. ಮುಂದಿನ ಮೇ ತಿಂಗಳವರೆಗೆ ಒಂದು ಹನಿ ಕೂಡ ವ್ಯರ್ಥವಾಗದು. ಮೇಯಲ್ಲಿ ಹಿಮ ಕರಗಿ ಮೇಲಿನ ಪದರ ಒದ್ದೆಯಾಗುತ್ತದೆ. ಆಮೇಲೆ ಜೂನ್, ಜುಲೈ, ಆಗಸ್ಟ್ ಉದ್ದಕ್ಕೂ ಕರಗುವ ಗಡಿ ದಿನದಿನಕ್ಕೆ ಕೆಳಗಿಳಿಯುತ್ತ ಹೋಗುತ್ತದೆ, ಹಿಂದಿನ ವರ್ಷದ ನೀರು ಸ್ವಲ್ಪ ಸ್ವಲ್ಪವೇ ಬೇರಿಗೆ ಒಸರುತ್ತದೆ. ಮಳೆ ಚೆನ್ನಾಗಿ ಬಂದ ಬೇಸಿಗೆಯಲ್ಲಿ ಲಾರ್ಚ್ ಮರಗಳು ಮಳೆನೀರನ್ನೇ ಬಳಸುತ್ತವೆ, ಬರದ ಬೇಸಿಗೆಯಲ್ಲಿ ಈ ಕರಗುನೀರಿನ ಮೇಲೆ ನಿಲ್ಲುತ್ತವೆ. ಮರದೊಳಗಿನ ನೀರಿನಲ್ಲಿರುವ ಬೇರೆ ಬೇರೆ ತೂಕದ ಆಮ್ಲಜನಕ ಪರಮಾಣುಗಳನ್ನು, ಅಂದರೆ ಆಮ್ಲಜನಕ ಐಸೊಟೋಪ್‌ಗಳನ್ನು ಅಳೆದು ಇದನ್ನು ಗುರುತಿಸಿದ್ದಾರೆ. ಒಂದು ವರ್ಷದ ಬರವನ್ನು ಹಿಂದಿನ ವರ್ಷದ ಮಳೆ ತುಂಬಿಕೊಡುತ್ತದೆ. ಎರಡು ಮೂರು ವರ್ಷ ಸತತ ಬರ ಬಂದರೆ ಮಾತ್ರ ಈ ಉಳಿತಾಯ ಬರಿದಾಗುತ್ತದೆ.

ಹಾವಸೆ ಮಾಡುವ ಕೆಲಸ

ಜುಲೈನಲ್ಲಿ 35 ಡಿಗ್ರಿ ಬಿಸಿಲಿದ್ದರೂ ಒಂದು ಮೀಟರ್ ಕೆಳಗೆ ಮಂಜುಗಡ್ಡೆ ಉಳಿಯುವುದು ಹೇಗೆ? ಶ್ರೇಯಸ್ಸಿನ ದೊಡ್ಡ ಪಾಲು ನೆಲಕ್ಕೆ ಹಾಸಿದ ಹಾವಸೆ ಮತ್ತು ಅರೆಕೊಳೆತ ಎಲೆಪದರಕ್ಕೆ ಸಲ್ಲಬೇಕು. ಬೇಸಿಗೆಯಲ್ಲಿ ಅದರ ಮೇಲ್ಭಾಗ ಒಣಗಿ ಗಾಳಿ ತುಂಬಿಕೊಳ್ಳುತ್ತದೆ, ಶಾಖ ಕೆಳಗಿಳಿಯದಂತೆ ತಡೆಯುತ್ತದೆ. ಶರತ್ಕಾಲದ ಮಳೆಗೆ ತೊಯ್ದು ಆಮೇಲೆ ಹೆಪ್ಪುಗಟ್ಟಿದಾಗ ಅದೇ ಪದರ ಶಾಖವನ್ನು ಸಲೀಸಾಗಿ ಹೊರಬಿಡುತ್ತದೆ, ಏಕೆಂದರೆ ಮಂಜುಗಡ್ಡೆ ನೀರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಶಾಖ ಸಾಗಿಸುತ್ತದೆ. ಬೇಸಿಗೆಯಲ್ಲಿ ಬಾಗಿಲು ಮುಚ್ಚಿ ಚಳಿಗಾಲದಲ್ಲಿ ತೆರೆದಿಟ್ಟ ಮನೆಯ ಹಾಗೆ, ನೆಲ ವರ್ಷದಿಂದ ವರ್ಷಕ್ಕೆ ತಂಪನ್ನೇ ಕೂಡಿಸಿಕೊಳ್ಳುತ್ತದೆ.

ಇನ್ನೊಂದು ಬಗೆಯ ಹಾವಸೆ ಸ್ಫ್ಯಾಗ್ನಂ. ನಮ್ಮ ನರ್ಸರಿಗಳಲ್ಲಿ ಗೂಟಿ ಕಟ್ಟುವಾಗ, ಆರ್ಕಿಡ್ ನೆಡುವಾಗ ‘ಮಾಸ್’ ಎಂದು ಬಳಸುವುದು ಇದರ ಒಣಗಿಸಿದ ರೂಪವನ್ನೇ. ಇದರ ಎಲೆಯಲ್ಲಿ ಸತ್ತ, ಟೊಳ್ಳಾದ ಕೋಶಗಳಿದ್ದು, ಒಣತೂಕದ ಇಪ್ಪತ್ತು ಪಟ್ಟಿನವರೆಗೂ ನೀರು ಹಿಡಿಯಬಲ್ಲದು. ಜೊತೆಗೆ ಸುತ್ತಲಿನ ನೀರನ್ನು ಹುಳಿಯಾಗಿಸುತ್ತದೆ. ಹುಳಿ, ಚಳಿ, ಗಾಳಿಯಾಡದ ನೀರು ಮೂರೂ ಸೇರಿದಲ್ಲಿ ಕೊಳೆಯುವ ಕೆಲಸ ಬಹುತೇಕ ನಿಂತೇ ಹೋಗುತ್ತದೆ. ಸತ್ತ ಹಾವಸೆ ಪದರದ ಮೇಲೆ ಪದರ ಕೂತು ಪೀಟ್ ಆಗುತ್ತದೆ. ಪಶ್ಚಿಮ ಸೈಬೀರಿಯಾದ ವಾಸ್ಯುಗಾನ್ ಜೌಗು ಸುಮಾರು 53,000 ಚದರ ಕಿ.ಮೀ. ಹಬ್ಬಿದೆ, ಕರ್ನಾಟಕದ ಕಾಲುಭಾಗಕ್ಕಿಂತ ಹೆಚ್ಚು. ಉತ್ತರದ ಹೆಪ್ಪುನೆಲ ಪ್ರದೇಶದ ಮಣ್ಣಿನಲ್ಲಿ ಸೇರಿಕೊಂಡ ಇಂಗಾಲ ಇಡೀ ವಾತಾವರಣದಲ್ಲಿರುವುದರ ಸುಮಾರು ಎರಡು ಪಟ್ಟು ಎಂದು ಅಂದಾಜಿಸಿದ್ದಾರೆ. ಟೈಗಾದಲ್ಲಿ ಸಂಪತ್ತು ಮರದಲ್ಲಿರುವುದಕ್ಕಿಂತ ಬುಡದ ಕೆಳಗೇ ಹೆಚ್ಚು. ಮರದ ಲೆಕ್ಕ ಮಾತ್ರ ಇಟ್ಟು ಕಾಡನ್ನು ಅಳೆಯುವವರು ಇದನ್ನು ಮರೆಯಬಾರದು.

ಯಾವ ಮರ, ಏಕೆ

ಸ್ಪ್ರೂಸ್, ಪೈನ್, ಫರ್, ಲಾರ್ಚ್ ನಾಲ್ಕು ಸೂಚಿಪರ್ಣಿಗಳು. ಜೊತೆಗೆ ಬರ್ಚ್, ಆಸ್ಪೆನ್‌ನಂಥ ಅಗಲ ಎಲೆಯವು. ಇಷ್ಟು ದೊಡ್ಡ ಕಾಡಿನಲ್ಲಿ ಮುಖ್ಯ ಮರಜಾತಿಗಳನ್ನು ಬೆರಳಲ್ಲಿ ಎಣಿಸಬಹುದು. ಕೊಡಗಿನ ಒಂದು ದೇವರಕಾಡಿನಲ್ಲಿ ಇದಕ್ಕಿಂತ ಹೆಚ್ಚು ಜಾತಿ ಸಿಗುತ್ತವೆ. ಸೂಜಿಯಂಥ ಎಲೆಗೆ ಮೇಣದ ಲೇಪ, ಹೊಂಡದೊಳಗೆ ಹುದುಗಿದ ರಂಧ್ರ ಇರುವುದರಿಂದ ನೀರು ಸೋರುವುದು ಕಡಿಮೆ. ಹಳೆಯ ಎಲೆ ಮರದಲ್ಲೇ ಇರುವುದರಿಂದ ವಸಂತದ ಮೊದಲ ಬೆಚ್ಚನೆ ದಿನದಿಂದಲೇ ಆಹಾರ ತಯಾರಿ ಶುರು. ನೂರು ದಿನದ ಬೇಸಿಗೆಯಲ್ಲಿ ಹೊಸ ಎಲೆ ಬಿಡಲು ಮೂರು ವಾರ ಕಳೆಯುವುದು ದುಬಾರಿ.

ಈ ಮರಗಳನ್ನು ಕೊಲ್ಲುವುದು ಬಹಳ ಸಲ ಜನವರಿಯ ಚಳಿಯಲ್ಲ, ಮಾರ್ಚ್-ಏಪ್ರಿಲ್ ಬಿಸಿಲು. ಹಿಮದ ಮೇಲಿಂದ ಚಿಮ್ಮಿದ ಬೆಳಕಿಗೆ ಎಲೆ ಬೆಚ್ಚಗಾಗಿ ನೀರು ಬಿಡಲು ಶುರುಮಾಡುತ್ತದೆ, ಬುಡದಲ್ಲಿ ಮಾತ್ರ ನೆಲ ಇನ್ನೂ ಕಲ್ಲು. ಎತ್ತಿಕೊಡಲು ನೀರಿಲ್ಲದೆ ಎಲೆ ಕಂದುತ್ತದೆ. ಪೂರ್ವ ಸೈಬೀರಿಯಾದಲ್ಲಿ ಈ ಅಪಾಯ ಅತಿಯಾಗಿರುವುದರಿಂದಲೇ ಅಲ್ಲಿ ಲಾರ್ಚ್ ಗೆದ್ದಿದೆ. ಅದು ಸೂಚಿಪರ್ಣಿಯಾದರೂ ಚಳಿಗಾಲಕ್ಕೆ ಮುನ್ನ ಹಳದಿಯಾಗಿ ಎಲೆ ಉದುರಿಸುತ್ತದೆ. ಅದರ ಬೇರು ಆಳಕ್ಕೆ ಹೋಗದೆ ಅಡ್ಡಕ್ಕೆ ಹರಡುತ್ತದೆ. ಜುಲೈನ ಸರಾಸರಿ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿದಲ್ಲಿ ಮರಗಳೇ ನಿಂತುಹೋಗಿ ತುಂಡ್ರಾ ಶುರುವಾಗುತ್ತದೆ. ಮಳೆಯಲ್ಲ, ಬೇಸಿಗೆಯ ಶಾಖವೇ ಉತ್ತರದ ಗಡಿ ಬರೆಯುವುದು.

ಮಣ್ಣು ಬಡ. ಸೂಜಿಎಲೆ ಕೊಳೆಯುವುದು ನಿಧಾನ, ಕೊಳೆತರೂ ಹುಳಿ. ಆ ಹುಳಿನೀರು ಕಬ್ಬಿಣ, ಅಲ್ಯುಮಿನಿಯಂ ತೊಳೆದು ಕೆಳಗೊಯ್ದು ಮೇಲೆ ಬೂದಿಬಣ್ಣದ ಪದರ ಉಳಿಸುತ್ತದೆ. ಸಾರಜನಕ ಸಿಗುವುದೇ ಕಷ್ಟ. ಜೌಗಿನಲ್ಲಿ ಮಣಿಕಟ್ಟಿನ ದಪ್ಪದ ಕಪ್ಪು ಸ್ಪ್ರೂಸ್ ಮರಕ್ಕೆ ನೂರು ವರ್ಷವಾಗಿರುವುದು ಅಪರೂಪವೇನಲ್ಲ.

ಹೆಪ್ಪುನೆಲ ಇಲ್ಲದ ಕಡೆ?

ಫಿನ್ಲೆಂಡ್, ಸ್ವೀಡನ್, ಕೆನಡಾದ ದಕ್ಷಿಣದ ಟೈಗಾದಲ್ಲಿ ಪರ್ಮಾಫ್ರಾಸ್ಟ್ ಇಲ್ಲ, ಅಥವಾ ತೇಪೆ ತೇಪೆಯಾಗಿದೆ. ಅಲ್ಲಿ ತಳವಾಗಿ ನಿಂತದ್ದು ಬಂಡೆ. ಹಿಮಯುಗದಲ್ಲಿ ಕಿಲೋಮೀಟರುಗಟ್ಟಲೆ ದಪ್ಪದ ನೀರ್ಗಲ್ಲು ಈ ಪ್ರದೇಶಗಳ ಮೇಲೆ ಸರಿದಾಡಿ ಮಣ್ಣನ್ನು ಕೆರೆದೊಯ್ದಿತು, ಗಟ್ಟಿ ಬಂಡೆಯಲ್ಲಿ ತಗ್ಗು ತೋಡಿತು, ಕಣಿವೆಗಳ ಬಾಯಿಗೆ ಜಲ್ಲಿಮಣ್ಣಿನ ದಿಬ್ಬ ಒಟ್ಟಿತು. ಸುಮಾರು 12,000ದಿಂದ 8,000 ವರ್ಷಗಳ ಹಿಂದೆ ಅದು ಹಂತಹಂತವಾಗಿ ಕರಗಿದಾಗ ಆ ತಗ್ಗುಗಳೆಲ್ಲ ಕೆರೆಗಳಾದವು. ಫಿನ್ಲೆಂಡೊಂದರಲ್ಲೇ 500 ಚದರ ಮೀಟರಿಗಿಂತ ದೊಡ್ಡ ಕೆರೆ-ಕೊಳಗಳು 1,87,000ಕ್ಕೂ ಹೆಚ್ಚು.

ಪೂರ್ವ ಸೈಬೀರಿಯಾದ ಬಹುಭಾಗಕ್ಕೆ ಈ ನೀರ್ಗಲ್ಲಿನ ಹೊದಿಕೆಯೇ ಇರಲಿಲ್ಲ. ಹಿಮಯುಗದಲ್ಲೂ ಅಲ್ಲಿ ಹಿಮ ಬೀಳುವುದು ಅಷ್ಟು ಕಡಿಮೆಯಿತ್ತು. ಬರಿಮೈಯಲ್ಲಿ ಚಳಿಗೆ ಒಡ್ಡಿಕೊಂಡ ನೆಲ ಸಾವಿರಾರು ವರ್ಷ ತಣ್ಣಗಾಗುತ್ತಾ ನೂರಾರು ಮೀಟರ್ ಆಳಕ್ಕೆ ಹೆಪ್ಪುಗಟ್ಟಿತು.

ಎಲ್ಲಿ ಕೆಡುತ್ತದೆ

ಬೆಂಕಿ ಟೈಗಾಕ್ಕೆ ಹೊಸದಲ್ಲ. ಕೆನಡಾದ ಜ್ಯಾಕ್ ಪೈನ್ ಕಾಯಿಗಳು ರಾಳದಿಂದ ಮುಚ್ಚಿಕೊಂಡಿದ್ದು, ಸುಮಾರು 50 ಡಿಗ್ರಿ ಶಾಖ ತಗಲಿದರೆ ಮಾತ್ರ ರಾಳ ಕರಗಿ ಬೀಜ ಉದುರುತ್ತದೆ. ಕಪ್ಪು ಸ್ಪ್ರೂಸ್‌ನ ಕೊಂಬೆಗಳು ನೆಲದವರೆಗೂ ಇಳಿದಿರುವುದರಿಂದ ಅಲ್ಲಿ ಬೆಂಕಿ ಸರ್ರನೆ ತುದಿಗೇರುತ್ತದೆ. ಸೈಬೀರಿಯಾದ ಲಾರ್ಚ್ ಕಾಡಿನಲ್ಲಿ ಹೆಚ್ಚಾಗಿ ನೆಲದ ಮೇಲೆ ಹರಿಯುತ್ತದೆ. ಎರಡರಲ್ಲೂ ನಿಜವಾದ ಪ್ರಶ್ನೆ ಹಾವಸೆ ಎಷ್ಟು ಸುಟ್ಟಿತು ಎಂಬುದು. ಮೇಲುಮೇಲೆ ಸುಟ್ಟರೆ ಕೆಲವು ದಶಕದಲ್ಲಿ ಬರ್ಚ್, ಲಾರ್ಚ್, ಮತ್ತೆ ಹಾವಸೆ ಬಂದು ಹೆಪ್ಪುನೆಲ ಚೇತರಿಸಿಕೊಳ್ಳುತ್ತದೆ. ತಳದವರೆಗೂ ಸುಟ್ಟರೆ ಕಪ್ಪು ನೆಲ ಬಿಸಿಲು ಹೀರಿ ಕರಗುವಿಕೆ ಆಳಕ್ಕಿಳಿಯುತ್ತದೆ. 2023ರಲ್ಲಿ ಕೆನಡಾದಲ್ಲಿ ಸುಟ್ಟದ್ದು 1.5 ಕೋಟಿ ಹೆಕ್ಟೇರಿನ ಆಸುಪಾಸು. ಪೀಟ್‌ನೊಳಗೆ ಹೊಕ್ಕ ಬೆಂಕಿ ಹಿಮದಡಿಯಲ್ಲಿ ಹೊಗೆಯಾಡುತ್ತ ಚಳಿಗಾಲ ಕಳೆದು ವಸಂತದಲ್ಲಿ ಮತ್ತೆ ಏಳುವುದೂ ಉಂಟು.

ಮಳೆ ಹೆಚ್ಚಾದರೆ ಒಳ್ಳೆಯದಲ್ಲವೇ ಎಂದು ಕೇಳಬಹುದು. 2005ರಿಂದ 2008ರ ನಡುವೆ ಯಾಕುತ್ಸ್ಕ್ ಸುತ್ತ ವಾಡಿಕೆಗಿಂತ ಹೆಚ್ಚು ಮಳೆ, ಹಿಮ ಬಿತ್ತು. ತಳ ಹೆಪ್ಪುಗಟ್ಟಿದ್ದರಿಂದ ನೀರಿಗೆ ಹೋಗಲು ಜಾಗವಿಲ್ಲದೆ ತಗ್ಗಿನಲ್ಲಿ ನಿಂತಿತು, ಬೇರಿಗೆ ಉಸಿರಿಲ್ಲದೆ ಲಾರ್ಚ್ ಮರಗಳು ಒಣಗಿದವು. ಬಳ್ಳಾರಿಯ ಅರ್ಧದಷ್ಟು ಮಳೆಯ ಊರಿನಲ್ಲಿ ಮರಗಳು ಅತಿನೀರಿನಿಂದ ಸತ್ತವು. ನೀರಿನ ಲೆಕ್ಕದಲ್ಲಿ ಜಮೆಗಿಂತ ಖರ್ಚಿನ ದಾರಿ ದೊಡ್ಡದು ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಕಾಡು ಕಡಿದಾಗ ಆಗುವುದು ಇನ್ನೂ ಗಂಭೀರ. ಯಾಕುತಿಯಾದ ಹಲವೆಡೆ ನೆಲದ ಗಾತ್ರದಲ್ಲಿ ಅರ್ಧಕ್ಕೂ ಹೆಚ್ಚು ಬರೀ ಮಂಜುಗಡ್ಡೆ. ಅದು ಕರಗಿದರೆ ನೆಲವೇ ಕುಸಿಯುತ್ತದೆ, ಮರಗಳು ಅತ್ತಿತ್ತ ವಾಲುತ್ತವೆ, ತಗ್ಗಿನಲ್ಲಿ ನೀರು ತುಂಬುತ್ತದೆ. ನೀರು ಶಾಖ ಹಿಡಿದು ಕೆಳಗಿನದನ್ನೂ ಕರಗಿಸುತ್ತದೆ. ವೆರ್ಖೊಯಾನ್ಸ್ಕ್ ಹತ್ತಿರದ ಬಟಗಾಯ್‌ಕಾ ಕುಳಿ 1960ರ ದಶಕದಲ್ಲಿ ಕಾಡು ತೆರವು ಮಾಡಿದ ಜಾಗದಲ್ಲಿ ಸಣ್ಣ ಕೊರಕಲಾಗಿ ಶುರುವಾದದ್ದು. ಈಗ ಸುಮಾರು ಒಂದು ಕಿಲೋಮೀಟರ್ ಉದ್ದವಾಗಿದೆ, ಇನ್ನೂ ಬೆಳೆಯುತ್ತಿದೆ. ಸಾವಿರಾರು ವರ್ಷ ಹಿಂದೆ ತಾನಾಗೇ ಕುಸಿದ ಇಂಥ ತಗ್ಗುಗಳೇ ಇಂದು ಯಾಕುತಿಯಾದ ಸ್ಥಳೀಯರಾದ ಸಾಖಾ ಜನ ಕುದುರೆ, ದನ ಮೇಯಿಸುವ, ಹುಲ್ಲು ಕೊಯ್ಯುವ ಅಲಾಸ್ ಎಂಬ ಗೋಮಾಳಗಳು. ಅಲಾಸ್‌ನಲ್ಲಿ ನಡುವೆ ಕೆರೆ, ಸುತ್ತ ಹುಲ್ಲು. ಒಮ್ಮೆ ಕರಗಿ ಕುಸಿದ ಆ ಜಾಗಗಳಿಗೆ ಕಾಡು ಸುಲಭವಾಗಿ ಮರಳಿಲ್ಲ.

ಈ ನೆಲದ ಮೇಲೆ ಕಟ್ಟುವವರು ಪಾಲಿಸುವ ನಿಯಮವೂ ಇದರಿಂದಲೇ ಬಂದದ್ದು. ಯಾಕುತ್ಸ್ಕ್‌ನ ಬಹುಮಹಡಿ ಮನೆಗಳು ಹೆಪ್ಪುನೆಲಕ್ಕೆ ಇಳಿಸಿದ ಕಾಂಕ್ರೀಟ್ ಕಂಬಗಳ ಮೇಲೆ, ನೆಲ ಮತ್ತು ಮನೆಯ ನಡುವೆ ಗಾಳಿಯಾಡುವಂತೆ ನಿಂತಿವೆ. ಬಿಸಿನೀರಿನ ಕೊಳವೆಗಳು ನೆಲದ ಮೇಲೇ ಹಾಯುತ್ತವೆ. 1942ರಲ್ಲಿ ಅಮೆರಿಕದ ಸೇನೆ ಅಲಾಸ್ಕಾ ಹೆದ್ದಾರಿ ಕಡಿಯುವಾಗ ಉತ್ತರದ ತುಂಡುಗಳಲ್ಲಿ ಬುಲ್ಡೋಜರ್‌ನಿಂದ ಮರದ ಜೊತೆ ಹಾವಸೆಯನ್ನೂ ಕೆರೆದು ಹಾಕಿತು. ಕೆಲವೇ ದಿನಗಳಲ್ಲಿ ತಳ ಕರಗಿ ದಾರಿ ಕೆಸರುಗುಂಡಿಯಾಯಿತು, ಲಾರಿಗಳು ಹೂತವು. ಆಮೇಲೆ ಕ್ರಮ ಬದಲಾಯಿತು: ಹಾವಸೆ ಮುಟ್ಟದೆ ಮರ ಮಾತ್ರ ಕಡಿಯುವುದು, ಕೊಂಬೆ-ದಿಮ್ಮಿಗಳನ್ನು ಅದರ ಮೇಲೇ ಹಾಸುವುದು, ಅದರ ಮೇಲೆ ದಪ್ಪನಾಗಿ ಜಲ್ಲಿಮಣ್ಣು ಸುರಿಯುವುದು.